11,800 ರೂಪಾಯಿ ಕೊಟ್ಟು ಫ್ಲ್ಯಾಟ್ ತಪಾಸಣೆ ಮಾಡಿಸಿದೆ, ಬಚ್ಚಲಿಗೆ ಒಂದು ಚೊಂಬು ನೀರೂ ಹಾಕಿ ನೋಡಿಲ್ಲ

ಹನ್ನೊಂದನೇ ಮಹಡಿ:

ಉದ್ದ ಪುರಾಣ ಇದು, ಪುರುಸೊತ್ತು ಇದ್ದರೆ ಓದಿ.

ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹೊಸ ಫ್ಲ್ಯಾಟ್ ತಗೊಂಡಿದ್ದೇವೆ. ಫೆಬ್ರವರಿಯಲ್ಲಿ ಕೀ ಕೊಡುತ್ತೇವೆ ಅಂತ ಬಿಲ್ಡರ್ ಕಡೆಯಿಂದ ಮೇಲ್ ಬಂತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಸಿಮೆಂಟು ಮರಳಿನ ಗಂಧಗಾಳಿ ಇಲ್ಲ. ಹೋಗಿ ನೋಡಿದರೆ ಗೋಡೆ ಬೆಳ್ಳಗಿದೆ, ಟೈಲ್ಸ್ ಹೊಳೆಯುತ್ತಿದೆ, ಅಷ್ಟೇ ಗೊತ್ತಾಗುವುದು. ಅದಕ್ಕೇ ಮನೆ ತಪಾಸಣೆ ಮಾಡಿಕೊಡುವ ಒಂದು ಕಂಪನಿಗೆ ಹೇಳಿದೆ. ಫೀಸು 10,000, ಮೇಲೆ 18% ಜಿಎಸ್‌ಟಿ, ಒಟ್ಟು 11,800. ಕೋಟಿ ಹತ್ತಿರದ ಮನೆಗೆ ಇದೇನು ಜಾಸ್ತಿ ಅಲ್ಲ ಅಂದುಕೊಂಡೆ.

ಇಬ್ಬರು ಹುಡುಗರು ಬಂದರು. ಶೂ ಬಿಚ್ಚಿಟ್ಟರು. ಕೈಯಲ್ಲಿ ಥರ್ಮಲ್ ಕ್ಯಾಮೆರಾ, ತೇವ ಅಳೆಯುವ ಮೀಟರ್, ಲೇಸರ್, ಟ್ಯಾಬ್. ನಮಗೆ ನೋಡಿಯೇ ಖುಷಿ. ಎರಡೂವರೆ ಗಂಟೆ ಮನೆ ತುಂಬ ಓಡಾಡಿ ಗೋಡೆ ಗೋಡೆಗೂ ಫೋಟೋ ತೆಗೆದರು. ಮೂರು ದಿನಕ್ಕೆ ರಿಪೋರ್ಟ್ ಬಂತು. 126 ಪುಟ, 212 ದೋಷ! ನಾನು ಅದನ್ನು ಫ್ಯಾಮಿಲಿ ಗ್ರೂಪಿನಲ್ಲಿ ಬೇರೆ ಹಾಕಿ ಜಂಬ ಕೊಚ್ಚಿಕೊಂಡೆ. ಬಿಲ್ಡರ್ ಕಡೆಯವರು ಎರಡು ವಾರ ತಗೊಂಡು ಹೆಚ್ಚುಕಮ್ಮಿ ಎಲ್ಲವನ್ನೂ ಸರಿಮಾಡಿ ಕೊಟ್ಟರು. ಬಾಗಿಲಿನ ಗೀರು, ಬಣ್ಣದ ಕಲೆ, ಸಡಿಲ ಹಿಂಜು, ಹೀಗೆ. 'ಮನೆ ತೃಪ್ತಿಕರವಾಗಿದೆ' ಅನ್ನುವ ಪತ್ರಕ್ಕೆ ಸಹಿ ಹಾಕಿ ಕೀ ತಗೊಂಡೆ. ಏಪ್ರಿಲ್‌ನಲ್ಲಿ ಮರಗೆಲಸ, ಮೇ ತಿಂಗಳಲ್ಲಿ ಗೃಹಪ್ರವೇಶ.

ಜುಲೈ ಎರಡನೇ ವಾರ ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಮಳೆಗಾಲ, ಬಟ್ಟೆ ಒಣಗಿಲ್ಲ ಅಂದುಕೊಂಡೆವು. ಒಂದು ಭಾನುವಾರ ಹೆಂಡತಿ ಬೀರುವಿನ ಕೆಳಗಿನ ಡ್ರಾಯರ್ ಎಳೆದರೆ ಅದು ಬರುತ್ತಲೇ ಇಲ್ಲ. ಪ್ಲೈವುಡ್ ಉಬ್ಬಿ ಕಚ್ಚಿಕೊಂಡಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದೆ. ತಳದಲ್ಲಿ ಕರಿ ಬೂಷ್ಟು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದರೊಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಅಮ್ಮನ ರೇಷ್ಮೆ ಸೀರೆ. ಪಂಚೆ ಒದ್ದೆ, ಸೀರೆಯ ಜರಿ ಅಂಚಿನ ಉದ್ದಕ್ಕೂ ಕಂದು ಗೆರೆ. ಅಮ್ಮ ಈಗ ಇಲ್ಲ. ಸೀರೆ ಹೊರಗೆ ತೆಗೆದು ಮಂಚದ ಮೇಲೆ ಹರಡಿ ಇಬ್ಬರೂ ಸುಮ್ನೆ ಕೂತಿದ್ದೆವು.

ಬೀರುವಿನ ಹಿಂದಿನ ಗೋಡೆಯ ಆಚೆ ಬಚ್ಚಲು. ಅಪಾರ್ಟ್‌ಮೆಂಟಿನ ಪ್ಲಂಬರ್ ನೋಡಿ 'ಸಾರ್, ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ' ಅಂದ. ಹೋಗಿದೆಯೋ, ಮೊದಲಿಂದಲೂ ಇರಲೇ ಇಲ್ಲವೋ ಯಾರಿಗೆ ಗೊತ್ತು. ಅವತ್ತು ರಾತ್ರಿ ಆ ರಿಪೋರ್ಟನ್ನು ಮೊದಲ ಸಲ ಸಾಲು ಸಾಲಾಗಿ ಓದಿದೆ. 97ನೇ ಪುಟ, ಫೋಟೋದ ಕೆಳಗೆ ಇರುವೆ ಗಾತ್ರದ ಅಕ್ಷರ: 'ನೀರಿನ ಸಂಪರ್ಕ ಇಲ್ಲದ ಕಾರಣ ಬಚ್ಚಲುಗಳ ಸೋರಿಕೆ ಪರೀಕ್ಷೆ ಮಾಡಿಲ್ಲ.'

ನೀರು ಹಾಕಿ ನೋಡದೆ ಬಚ್ಚಲು ತಪಾಸಣೆ ಹೇಗ್ರೀ ಆಗುತ್ತದೆ? ಕಂಪನಿಗೆ ಫೋನ್ ಮಾಡಿದರೆ 'ಷರತ್ತುಗಳ 9ನೇ ಅಂಶ ನೋಡಿ, ನಮ್ಮ ಹೊಣೆ ಫೀಸಿನ ಮೊತ್ತಕ್ಕಷ್ಟೇ' ಅನ್ನುತ್ತಾರೆ. ನಾನೀಗ ಯಾರ ಬೆನ್ನು ಹತ್ತಲಿ? ಬಿಲ್ಡರ್‌ದೋ, ಇವರದೋ?

ಸುಮ್ನೆ ಓದುವವ:

126 ಪುಟದ ಫೋಟೋ ಆಲ್ಬಂ. ಮದುವೆ ಫೋಟೋಗ್ರಾಫರ್ ಇದಕ್ಕಿಂತ ಚೆನ್ನಾಗಿ ತೆಗೆದುಕೊಡುತ್ತಿದ್ದ, ಜೊತೆಗೆ ಡ್ರೋನ್ ಬೇರೆ.

ಹನ್ನೊಂದನೇ ಮಹಡಿ:

ನಗು ಬರುವ ಸ್ಥಿತಿಯಲ್ಲಿಲ್ಲ ಮಾರಾಯ್ರೆ. ಆದರೂ ನಕ್ಕೆ.

ಮೇಸ್ತ್ರಿ ಮಗ:

ಅಣ್ಣ, ನಮ್ಮಪ್ಪ 30 ವರ್ಷ ಗಾರೆ ಕೆಲಸ ಮಾಡಿದವರು. ಅವರ ಹತ್ತಿರ ಥರ್ಮಲ್ ಕ್ಯಾಮೆರಾ ಇರಲಿಲ್ಲ, ಒಂದು ಹಳೇ ಬಟ್ಟೆ ಮತ್ತೆ ಪೆನ್ಸಿಲ್ ಇತ್ತು. ಬಚ್ಚಲಿನ ನೀರು ಹೊರಗೆ ಹೋಗುವ ತೂತು, ಅಂದರೆ ನಹನಿ ಟ್ರ್ಯಾಪ್‌ಗೆ ಬಟ್ಟೆ ತುರುಕಿ ಮೇಲೆ ಸಿಮೆಂಟು ಮೆತ್ತುತ್ತಿದ್ದರು. ಬಾಗಿಲಿಗೆ ಅಡ್ಡ ಒಂದು ಸಣ್ಣ ಕಟ್ಟೆ. ಎರಡು ಇಂಚು ನೀರು ನಿಲ್ಲಿಸಿ ಗೋಡೆ ಮೇಲೆ ಪೆನ್ಸಿಲ್ ಗೆರೆ. ಪಕ್ಕದಲ್ಲೇ ಒಂದು ಅಗಲ ಬೇಸಿನ್‌ನಲ್ಲೂ ನೀರಿಟ್ಟು ಅದಕ್ಕೂ ಒಂದು ಗೆರೆ. ಯಾಕೆ ಅಂದರೆ ಬಿಸಿಲಿಗೆ ಒಂದಿಷ್ಟು ನೀರು ಆರಿ ಹೋಗುತ್ತದೆ ಅಲ್ವಾ, ಬೇಸಿನ್ ಎಷ್ಟು ಇಳಿಯಿತೋ ಬಚ್ಚಲೂ ಅಷ್ಟೇ ಇಳಿದಿದ್ದರೆ ಸರಿ, ಜಾಸ್ತಿ ಇಳಿದರೆ ಎಲ್ಲೋ ಕುಡಿಯುತ್ತಿದೆ ಅಂತ. ಕಮ್ಮಿ ಅಂದರೂ 24 ಗಂಟೆ, ಆದರೆ 48. ಟೈಲ್ಸ್ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಇನ್ನೊಂದು ಸಲ.

ನಿಮ್ಮದು ಸಂಕನ್ ಸ್ಲ್ಯಾಬ್ ಇರಬೇಕು. ಅಂದರೆ ಬಚ್ಚಲಿನ ಜಾಗದಲ್ಲಿ ಸ್ಲ್ಯಾಬನ್ನೇ ಒಂದಡಿ ತಗ್ಗಿಸಿ ಅದರಲ್ಲಿ ಪೈಪ್ ಎಳೆದು, ಇಟ್ಟಿಗೆ ಚೂರೋ ಹಗುರ ಬ್ಲಾಕಿನ ಚೂರೋ ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಎಲ್ಲಾದರೂ ಜಿನುಗಿದರೆ ನೀರು ಕೆಳಗೆ ಹೋಗುವುದಿಲ್ಲ, ಆ ತೊಟ್ಟಿಯಲ್ಲೇ ನಿಲ್ಲುತ್ತದೆ. ತೊಟ್ಟಿ ತುಂಬುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ತುಂಬಿದ ಮೇಲೆ ಪಕ್ಕದ ಕೋಣೆಯ ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ಹತ್ತಿರ ಹೊರಗೆ ಬರುತ್ತದೆ. ಮೇ ತಿಂಗಳಲ್ಲಿ ಸ್ನಾನ ಶುರು, ಜುಲೈನಲ್ಲಿ ಬೀರು ಒದ್ದೆ. ಲೆಕ್ಕ ಸರಿ ಕೂಡುತ್ತದೆ. ನಿಮ್ಮ ಮನೆಯ ಈ ಕಥೆಗೂ ಮಳೆಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ ನನಗೆ.

ತಪಾಸಣೆ ನನ್ನ ಕಸುಬು:

ನಾನೂ ಇದೇ ಕೆಲಸ ಮಾಡುವವನು, ನಿಮ್ಮ ಕಂಪನಿ ಅಲ್ಲ. ಬೈಯುವುದಾದರೆ ಬೈಯಿರಿ, ಆದರೆ ನಮ್ಮ ಕಡೆಯದನ್ನೂ ಕೇಳಿ. ಕೀ ಕೊಡುವ ಮೊದಲು ಎಷ್ಟೋ ಕಡೆ ಫ್ಲ್ಯಾಟಿಗೆ ನೀರೇ ಬಿಟ್ಟಿರುವುದಿಲ್ಲ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತು 'ಅದು ಮುಟ್ಟಬೇಡಿ, ಇದು ಬಿಚ್ಚಬೇಡಿ' ಅನ್ನುತ್ತಿರುತ್ತಾನೆ. ಎರಡು ಮೂರು ಗಂಟೆಯ ಸಮಯ ಕೊಡುತ್ತಾರೆ. 24 ಗಂಟೆ ನೀರು ನಿಲ್ಲಿಸಬೇಕೆಂದರೆ ಎರಡು ಸಲ ಹೋಗಬೇಕು, ಅದಕ್ಕೆ ಗ್ರಾಹಕರು ಇನ್ನೊಂದು 3,000 ಕೊಡುವುದಿಲ್ಲ. ಇನ್ನೊಂದು ಮಾತು ಹೇಳಿದರೆ ಬೇಜಾರಾಗಬೇಡಿ. ನಾನು 30 ಪುಟದ ರಿಪೋರ್ಟ್ ಕೊಟ್ಟರೆ 'ಇಷ್ಟೇನಾ?' ಅಂತ ಕೇಳುತ್ತಾರೆ. ಪಕ್ಕದ ಮನೆಯವರಿಗೆ 200 ದೋಷ ಸಿಕ್ಕಿದೆ, ನಮಗೆ 60 ಯಾಕೆ ಅಂತ ಜಗಳ. ಹೀಗಿದ್ದಾಗ ಹುಡುಗರು ಬಣ್ಣದ ಕಲೆ ಎಣಿಸದೆ ಇನ್ನೇನು ಮಾಡುತ್ತಾರೆ?

ಹನ್ನೊಂದನೇ ಮಹಡಿ:

ಜಂಬ ಕೊಚ್ಚಿಕೊಂಡೆ ಅಂತ ನಾನೇ ಬರೆದಿದ್ದೇನೆ, ಅದು ನನ್ನ ತಪ್ಪು, ಒಪ್ಪಿದೆ. ಆದರೆ 'ನೀರಿಲ್ಲ, ಬಚ್ಚಲು ನೋಡಲು ಆಗುತ್ತಿಲ್ಲ, ನೀರು ಬಂದ ಮೇಲೆ ಕರೀರಿ, ಅಲ್ಲಿವರೆಗೆ ಸಹಿ ಹಾಕಬೇಡಿ' ಅಂತ ಅವತ್ತೇ ಬಾಯಲ್ಲಿ ಒಂದು ಮಾತು ಹೇಳುವುದಕ್ಕೆ ಎಷ್ಟು ಖರ್ಚು? ನಾನು ಅಲ್ಲೇ ನಿಂತಿದ್ದೆ, ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದೆ. ಕುಡಿದು ಚೆನ್ನಾಗಿದೆ ಅಂದರು. ಇದನ್ನು ಮಾತ್ರ 97ನೇ ಪುಟದಲ್ಲಿ ಹೂತಿಟ್ಟರು.

ತಪಾಸಣೆ ನನ್ನ ಕಸುಬು:

ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಹೇಳಬೇಕಿತ್ತು.

ಆಸ್ಟಿನ್ ಅಣ್ಣ:

ಟೆಕ್ಸಸ್‌ನಿಂದ ಬರೆಯುತ್ತಿದ್ದೇನೆ, ಊರು ದಾವಣಗೆರೆ. ಇಲ್ಲಿ ಮನೆ ತಪಾಸಣೆ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಬೇಕು. ರಿಪೋರ್ಟಿನ ನಮೂನೆಯೂ ರಾಜ್ಯದ್ದೇ. ಅದರಲ್ಲಿ ಪ್ರತಿ ಅಂಶದ ಎದುರು ನಾಲ್ಕು ಚೌಕ ಇರುತ್ತವೆ: ನೋಡಿದೆ, ನೋಡಿಲ್ಲ, ಈ ಮನೆಯಲ್ಲಿ ಅದು ಇಲ್ಲ, ದೋಷ ಇದೆ. ಟಿಕ್ ಹಾಕಲೇಬೇಕು. 'ನೋಡಿಲ್ಲ' ಅನ್ನುವುದು ಕಣ್ಣಿಗೆ ಹೊಡೆದ ಹಾಗೆ ಎದುರಿಗೇ ಇರುತ್ತದೆ. ನಿಮ್ಮ ಕಥೆ ಓದಿದಾಗ ಆ ಎರಡನೇ ಚೌಕದ ಬೆಲೆ ಗೊತ್ತಾಯಿತು. ಇನ್ನೊಂದು, ಇಲ್ಲಿ ಕರಾರಾದ ಮೇಲೆ ಆಪ್ಷನ್ ಪೀರಿಯಡ್ ಅಂತ ಕೆಲವು ದಿನ ಸಿಗುತ್ತದೆ. ಅದಕ್ಕೆ ಸ್ವಲ್ಪ ದುಡ್ಡು ಕೊಟ್ಟಿರುತ್ತೇವೆ. ಅಷ್ಟರೊಳಗೆ ತಪಾಸಣೆ ಮಾಡಿಸಿ, ಇಷ್ಟವಾಗದಿದ್ದರೆ ಕಾರಣ ಹೇಳದೆ ಎದ್ದು ಬರಬಹುದು. ನಿಮಗೆ ಅಲ್ಲಿ ಮುಕ್ಕಾಲು ಮೂರುವೀಸೆ ದುಡ್ಡು ಕಟ್ಟಿದ ಮೇಲೆ ತಪಾಸಣೆ. ಇಷ್ಟವಾಗದಿದ್ದರೆ ಎಲ್ಲಿಗೆ ಹೋಗುತ್ತೀರಿ?

ಹಾಗಂತ ಇಲ್ಲೇನು ಸ್ವರ್ಗ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಲೈಸೆನ್ಸೇ ಬೇಕಿಲ್ಲ. ಹೊಣೆ ಫೀಸಿನಷ್ಟೇ ಅನ್ನುವ ಸಾಲು ಇಲ್ಲಿನ ಕಾಗದದಲ್ಲೂ ಸಾಮಾನ್ಯ. ನನ್ನ ಸ್ನೇಹಿತನ ಮನೆಯಲ್ಲಿ ತಪಾಸಣೆ ಮಾಡಿದವನು ಚರಂಡಿ ಪೈಪಿಗೆ ಕ್ಯಾಮೆರಾ ಬಿಡಲಿಲ್ಲ, ಅದಕ್ಕೆ ಬೇರೆ ಫೀಸು ಅಂತ ಇವನೂ ಬೇಡ ಅಂದ. ಆರು ತಿಂಗಳಿಗೆ ಅಂಗಳದ ಮರದ ಬೇರು ಪೈಪಿನೊಳಗೆ ಹೊಕ್ಕಿರುವುದು ಗೊತ್ತಾಯಿತು. ಹೇಗೆ ಗೊತ್ತಾಯಿತು ಅಂತ ಮಾತ್ರ ಊಟದ ಹೊತ್ತಲ್ಲಿ ಕೇಳಬೇಡಿ.

ಕರಾವಳಿ ಕೊಡೆ:

ನಮ್ಮ ಮಂಗಳೂರಲ್ಲಿ ಇದಕ್ಕೆಲ್ಲ ಕಂಪನಿ ಬೇಡ. ಜುಲೈ ತಿಂಗಳಲ್ಲಿ ಮನೆ ನೋಡಲು ಹೋಗಿ. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಯಾರೂ ಮನೆ ಒಕ್ಕಲು ಮಾಡುವುದಿಲ್ಲ, ಹಾಗಾಗಿ ಮಾರುವವರಿಗೂ ಪುರುಸೊತ್ತು. ಗೋಡೆ ಎಲ್ಲಿ ಅಳುತ್ತದೆ ಅಂತ ಅದೇ ತೋರಿಸುತ್ತದೆ. ಡಿಸೆಂಬರ್‌ನಲ್ಲಿ ನೋಡಿ ತಗೊಂಡವರೆಲ್ಲ ಆಮೇಲೆ ಬಕೆಟ್ ತಗೊಂಡಿದ್ದಾರೆ.

ಹಳೇ ಮನೆ ಒಡತಿ:

ನಾನು ಮೈಸೂರಿನವಳು. ನಮ್ಮದು ಕುವೆಂಪುನಗರದಲ್ಲಿ 1994ರಲ್ಲಿ ಕಟ್ಟಿದ ಮನೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾವೂ ತಪಾಸಣೆ ಮಾಡಿಸಿದೆವು. ಗೋಡೆ, ತಾರಸಿ ಎಲ್ಲ ಚೆನ್ನಾಗಿಯೇ ನೋಡಿದ, ಸುಳ್ಳು ಹೇಳಬಾರದು. ಆದರೆ ಕರೆಂಟ್ ವಿಷಯದಲ್ಲಿ ಮಾಡಿದ್ದು ಕೇಳಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇರುತ್ತದಲ್ಲ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಅದರ ಟೆಸ್ಟ್ ಬಟನ್ ಒತ್ತಿದ, ಅದು ಟಪ್ ಅಂತ ಬಿತ್ತು, 'ಅರ್ತಿಂಗ್ ಸರಿ ಇದೆ' ಅಂತ ಬರೆದ. ಮೂರು ತಿಂಗಳಾದ ಮೇಲೆ ನನ್ನ ಅತ್ತೆ ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ ಅಂದಿತು. ವೈರ್‌ಮನ್ ಬಂದು ಸಾಕೆಟ್ ಬಿಚ್ಚಿದ. ಅರ್ತ್ ಪಿನ್ನಿಗೆ ವೈರ್ ಏನೋ ಇದೆ, ಹಸಿರು ವೈರು, ಚೆನ್ನಾಗಿ ಸ್ಕ್ರೂ ಮಾಡಿದ್ದಾರೆ. ಅದು ಹೋಗಿ ಬೋರ್ಡಿನ ಹಿಂದೆ ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಕೂತಿತ್ತು.

ಆ ಟೆಸ್ಟ್ ಬಟನ್ ಆರ್‌ಸಿಸಿಬಿ ಕೆಲಸ ಮಾಡುತ್ತದೆಯೇ ಅಂತಷ್ಟೇ ಹೇಳುತ್ತದಂತೆ. ಮನೆಯಲ್ಲಿ ಅರ್ತೇ ಇಲ್ಲದಿದ್ದರೂ ಅದು ಬೀಳುತ್ತದೆ. ಇದನ್ನು ಹೇಳಿಕೊಟ್ಟಿದ್ದು ಎಸ್ಸೆಸ್ಸೆಲ್ಸಿ ಓದಿದ ವೈರ್‌ಮನ್, ಬರೆದುಕೊಟ್ಟು ಹೋಗಿದ್ದು ಎಂಜಿನಿಯರ್. ಈಗ ನನ್ನ ಹತ್ತಿರ ಸಾಕೆಟ್‌ಗೆ ಚುಚ್ಚುವ ಮೂರು ದೀಪದ ಟೆಸ್ಟರ್ ಇದೆ, ಕೆಲವು ನೂರು ರೂಪಾಯಿ ಅಷ್ಟೇ. ನೆಂಟರ ಮನೆಗೆ ಹೋದರೂ ಚುಚ್ಚಿ ನೋಡುತ್ತೇನೆ, ನನ್ನ ಮಗಳಿಗೆ ನಾಚಿಕೆ.

ಸೈಟ್ ಎಂಜಿನಿಯರ್:

ಥರ್ಮಲ್ ಕ್ಯಾಮೆರಾ ಬಗ್ಗೆ ಒಂದು ಮಾತು. ಅದು ಗೋಡೆಯ ಒಳಗೆ ನೋಡುವುದಿಲ್ಲ, ಮೇಲ್ಮೈಯ ತಾಪ ತೋರಿಸುತ್ತದೆ ಅಷ್ಟೇ. ಒದ್ದೆ ಜಾಗದಲ್ಲಿ ನೀರು ಆರುತ್ತಾ ತಣ್ಣಗಾಗುತ್ತದೆ, ಅದು ನೀಲಿ ಕಲೆಯಾಗಿ ಕಾಣುತ್ತದೆ. ಫೆಬ್ರವರಿಯಲ್ಲಿ, ಒಂದು ದಿನವೂ ನೀರು ಬೀಳದ ಬಚ್ಚಲಿಗೆ ಅದನ್ನು ಹಿಡಿದರೆ ಏನು ಕಾಣಬೇಕು? ನಿಮಗೆ ಕೊಟ್ಟಿದ್ದು ಸುಳ್ಳು ಫೋಟೋ ಅಲ್ಲ, ಕೆಲಸಕ್ಕೆ ಬಾರದ ಫೋಟೋ.

ಮತ್ತೆ, ಬಿಲ್ಡರ್ ಕಡೆಯವರು ಬಂದು ಟೈಲ್ಸ್ ಸಂದಿಗೆ ಎಪಾಕ್ಸಿ ಅನ್ನುವ ಅಂಟು ತುಂಬಿ ಹೋಗುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಅದು ಮುಲಾಮು. ಆರು ತಿಂಗಳು ಸುಮ್ಮನಿದ್ದು ಮತ್ತೆ ಬರುತ್ತದೆ. ಒಳಗೆ ತುಂಬಿರುವ ನೀರು ಎಲ್ಲಿಗೆ ಹೋಗಬೇಕು?

ಕರಿಕೋಟು:

ಎರಡು ಬೇರೆ ಬೇರೆ ದಾರಿ, ಕಲಸಬೇಡಿ.

ಬಿಲ್ಡರ್ ಮೇಲೆ: 2016ರ ರೇರಾ ಕಾಯ್ದೆ, ಅಂದರೆ ಬಿಲ್ಡರ್‌ಗಳನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾನೂನು, ಅದರ ಸೆಕ್ಷನ್ 14(3). ಕೀ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷವೋ ಕೆಲಸದ ದೋಷವೋ ಕಂಡು, ನೀವು ತಿಳಿಸಿದರೆ 30 ದಿನದೊಳಗೆ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ. 'ತೃಪ್ತಿಕರ' ಅಂತ ಸಹಿ ಹಾಕಿದಿರಿ ಅಂದ ಮಾತ್ರಕ್ಕೆ ಇದು ಬಿದ್ದುಹೋಗುವುದಿಲ್ಲ. ಫೋನ್ ಬೇಡ, ಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟೂ ಹಾಕಿ. 30 ದಿನದ ಲೆಕ್ಕ ತಾರೀಖಿನಿಂದ ಶುರುವಾಗಬೇಕು.

ತಪಾಸಣೆ ಕಂಪನಿ ಮೇಲೆ: ಸೇವೆಯಲ್ಲಿ ನ್ಯೂನತೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟಿದ್ದು 11,800, 5 ಲಕ್ಷದವರೆಗೆ ಅರ್ಜಿಗೆ ಶುಲ್ಕವೇ ಇಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಆದರೆ ನೇರವಾಗಿ ಹೇಳುತ್ತೇನೆ, 97ನೇ ಪುಟದ ಆ ಸಾಲು ಅವರ ಕೈಯಲ್ಲಿದೆ. ಗೆಲ್ಲುತ್ತೀರಿ ಅಂತ ಮಾತು ಕೊಡಲಾರೆ.

ಇನ್ನೊಂದು. ಬಿಲ್ಡರ್ ಮೊದಲು ಹೇಳುವುದು 'ನಿಮ್ಮ ಇಂಟೀರಿಯರ್‌ನವರು ಡ್ರಿಲ್ ಮಾಡಿ ಹಾಳು ಮಾಡಿದ್ದಾರೆ' ಅಂತ. ಅದಕ್ಕೆ ಏನು ಉತ್ತರ ಅಂತ ಈಗಲೇ ಯೋಚಿಸಿ.

ಹನ್ನೊಂದನೇ ಮಹಡಿ (ಮೂರು ವಾರದ ನಂತರ):

ಕರಿಕೋಟು ಅವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಖಾರ ಹಾಕಬೇಕೋ. ಅದೇ ಮಾತು, ಅಕ್ಷರ ಬಿಡದೆ. 'ಸಾರ್, ಬೀರು ಕೂರಿಸುವಾಗ ನಿಮ್ಮ ಬಡಗಿಗಳು ಪೈಪಿಗೆ ಡ್ರಿಲ್ ಹೊಡೆದಿದ್ದಾರೆ.'

ಮೇಸ್ತ್ರಿ ಮಗ ಹೇಳಿದ ಪರೀಕ್ಷೆ ನಾನೇ ಮಾಡಿದೆ. ಬಟ್ಟೆ, ಸಿಮೆಂಟು, ಪೆನ್ಸಿಲ್ ಗೆರೆ, ಪಕ್ಕದಲ್ಲಿ ಬೇಸಿನ್. ಎರಡು ದಿನ ಪಕ್ಕದ ಬಚ್ಚಲಿನಲ್ಲಿ ಸ್ನಾನ. ಬೇಸಿನ್‌ನ ನೀರು ಗೆರೆಗಿಂತ ಒಂದು ನೂಲು ಇಳಿದಿತ್ತು. ಬಚ್ಚಲಿನದು ಅರ್ಧ ಬೆರಳು. ವಿಡಿಯೋ ತೆಗೆದು, ಪಕ್ಕದಲ್ಲಿ ಅವತ್ತಿನ ಪೇಪರ್ ಹಿಡಿದು, ಮೇಲ್ ಮಾಡಿದೆ. ನೀರು ಹಾಕುವ ಪೈಪುಗಳಿಗೆ ಬೇರೆಯಾಗಿ ಪ್ರೆಷರ್ ಪರೀಕ್ಷೆ ಮಾಡಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಅಂದರೆ ಡ್ರಿಲ್ ಕಥೆ ಮುಗಿಯಿತು.

ತಮಾಷೆ ಏನು ಗೊತ್ತಾ? ನಾನು ಬೈದ ಆ ರಿಪೋರ್ಟೇ ಸಹಾಯಕ್ಕೆ ಬಂತು. 58ನೇ ಪುಟದಲ್ಲಿ ಟ್ರ್ಯಾಪ್ ಪಕ್ಕದ ಎರಡು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ ಅಂತ ಬರೆದಿದ್ದಾರೆ. ಫೋಟೋ ಇದೆ, ಫೆಬ್ರವರಿ ತಾರೀಖು ಇದೆ. ಆಗ ಬೀರೂ ಇರಲಿಲ್ಲ, ಬಡಗಿಯೂ ಬಂದಿರಲಿಲ್ಲ. 'ಸಣ್ಣ ದೋಷ' ಅಂತ ಹಳದಿ ಬಣ್ಣ ಹಚ್ಚಿದ್ದರು, ಬಾಗಿಲಿನ ಗೀರಿಗೆ ಹಚ್ಚಿದ ಅದೇ ಹಳದಿ. ಬಿಲ್ಡರ್ ಕಡೆಯವರು 212ರಲ್ಲಿ ಉಳಿದೆಲ್ಲ ಮಾಡಿ ಇದನ್ನು ಬಿಟ್ಟಿದ್ದರು, ನಾನು ಕೇಳಲೂ ಇಲ್ಲ.

ಸುಮ್ನೆ ಓದುವವ:

ಆಲ್ಬಂ ಅಂದಿದ್ದು ವಾಪಸ್ ತಗೊಂಡೆ. ಅರ್ಧ.

ಹನ್ನೊಂದನೇ ಮಹಡಿ (ಮತ್ತೆ ಎರಡು ವಾರ):

ಮೊದಲು ಎಪಾಕ್ಸಿ ಡಬ್ಬ ಹಿಡಿದುಕೊಂಡೇ ಬಂದರು. ಬಾಗಿಲಲ್ಲೇ ತಡೆದೆ. ಮಾತಿಗೆ ಮಾತು ಬೆಳೆದು ಕೊನೆಗೆ ಪ್ರಾಜೆಕ್ಟ್ ಮ್ಯಾನೇಜರ್ ಬಂದು ಒಡೆಯಲು ಒಪ್ಪಿದರು. ಒಡೆದ ದಿನ ನಾನು ರಜೆ ಹಾಕಿದ್ದೆ. ಎರಡನೇ ಟೈಲ್ ಎತ್ತುತ್ತಿದ್ದ ಹಾಗೆ ಮನೆಯೆಲ್ಲ ಕೆರೆ ಏರಿ ವಾಸನೆ. ಇಟ್ಟಿಗೆ ಚೂರು ತೆಗೆದರೆ ಅಡಿಯಲ್ಲಿ ನೀರು, ಅಂಗೈ ಮುಳುಗುವಷ್ಟು. ಹುಡುಗ ಮಗ್ಗಿನಲ್ಲಿ ತೋಡಿ ತೋಡಿ ನಾಲ್ಕು ಬಕೆಟ್ ತುಂಬಿಸಿದ. ವಾಟರ್‌ಪ್ರೂಫಿಂಗ್ ಬಳಿದಿದ್ದರು ನಿಜ, ಆದರೆ ಗೋಡೆಯ ಮೇಲಕ್ಕೆ ಹತ್ತಿಸಿರಲಿಲ್ಲ, ನೆಲಕ್ಕೇ ನಿಲ್ಲಿಸಿದ್ದರು. ಟ್ರ್ಯಾಪ್ ಮತ್ತೆ ಪೈಪು ಸೇರುವ ಜಾಗದಲ್ಲಿ ಸಿಮೆಂಟು ಬಿಟ್ಟರೆ ಇನ್ನೇನೂ ಇಲ್ಲ. ಕಿರುಬೆರಳು ಹೋಗುವಷ್ಟು ಸಂದಿ. ಎಂಜಿನಿಯರ್ ಸುಮ್ಮನೆ ನಿಂತು ನೋಡಿ 'ಎಲ್ಲ ಮಹಡಿಗೂ ಇದೇ ತಂಡ ಮಾಡಿದ್ದು' ಅಂದ. ನನ್ನ ಹತ್ತಿರ ಹೇಳಿದನೋ, ತನಗೆ ತಾನೇ ಹೇಳಿಕೊಂಡನೋ.

ತಪಾಸಣೆ ಕಂಪನಿ 11,800 ವಾಪಸ್ ಕೊಡುತ್ತೇನೆ ಅಂದಿದೆ, ನಾನು ಹಾಕಿದ ವಿಮರ್ಶೆ ತೆಗೆದರೆ. ಬೇಡ ಅಂದೆ. ದುಡ್ಡಿನ ಮೇಲಿನ ಆಸೆ ಇಲ್ಲ ಅಂತಲ್ಲ, ಬೀರುವಿಗೇ ಅದರ ಹತ್ತು ಪಟ್ಟು ಹೋಗಿದೆ. ವಿಮರ್ಶೆಯಲ್ಲಿ ಬರೆದಿರುವುದು ಒಂದೇ ಸಾಲು, '97ನೇ ಪುಟ ಮೊದಲು ಓದಿ'. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ.

ತಪಾಸಣೆ ನನ್ನ ಕಸುಬು:

ಹೋದ ವಾರದಿಂದ ನಾನು ಮೊದಲ ಪುಟದಲ್ಲೇ 'ಇವುಗಳನ್ನು ನೋಡಿಲ್ಲ' ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದೇನೆ. ಇಬ್ಬರು ಗ್ರಾಹಕರು 'ಹಾಗಾದರೆ ಫೀಸು ಕಮ್ಮಿ ಮಾಡಿ' ಅಂದರು. ಒಬ್ಬರು ನೀರು ಬಂದ ಮೇಲೆ ಮತ್ತೆ ಕರೆಸಿಕೊಂಡರು.

ಹಳೇ ಮನೆ ಒಡತಿ:

ಸೀರೆ ಏನಾಯಿತು? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

ಹನ್ನೊಂದನೇ ಮಹಡಿ:

ಮಲ್ಲೇಶ್ವರದಲ್ಲಿ ರೇಷ್ಮೆ ಸೀರೆ ಪಾಲಿಶ್ ಮಾಡುವವರ ಹತ್ತಿರ ಕೊಟ್ಟೆವು. ಬಟ್ಟೆ ಉಳಿಯಿತು, ಜರಿಯ ಗೆರೆ ಹೋಗಲಿಲ್ಲ. ನೆರಿಗೆಯ ಒಳಗೆ ಬರುವ ಹಾಗೆ ಉಡುತ್ತೇನೆ ಬಿಡಿ ಅಂದಳು ಹೆಂಡತಿ.

ಮೇಸ್ತ್ರಿ ಮಗ:

ಹೊಸದಾಗಿ ಹಾಕಿದ ಮೇಲೆ ಮತ್ತೆ ನೀರು ನಿಲ್ಲಿಸಿದಿರಾ?

ಹನ್ನೊಂದನೇ ಮಹಡಿ:

ನಿಲ್ಲಿಸಿದ್ದೇನೆ. ಇವತ್ತು ಎರಡನೇ ದಿನ, ಬೇಸಿನ್ ಗೆರೆ, ಬಚ್ಚಲು ಗೆರೆ ಎರಡೂ ಒಂದೇ ಸಮ. 10ನೇ ಮಹಡಿಯವರು ಬೆಳಗ್ಗೆ ಬಂದು ನೋಡಿ, ಪೆನ್ಸಿಲ್ ಕೇಳಿ ತಗೊಂಡು ಹೋದರು.